888 ಕುರ್ಚಿಗಳ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂಬ ಮಾತು ದೆಹಲಿಯ ಬಡಗಿಗಳಿಗೆ ಯಾರೂ ಹೇಳಿದಂತಿಲ್ಲ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯದೆ, ದೇಶದಲ್ಲಿ ಎಷ್ಟು ಜನರಿದ್ದಾರೆಂಬ ಲೆಕ್ಕವೇ ಸಿಗದಿದ್ದ ಹೊತ್ತಿನಲ್ಲಿ, 2023ರ ಮೇ 28ರಂದು 888 ಆಸನಗಳ ಲೋಕಸಭಾ ಸಭಾಂಗಣ ಉದ್ಘಾಟನೆಗೊಂಡಿತು. ಅಂದು ಅಲ್ಲಿ ತುಂಬಬೇಕಿದ್ದ ಸ್ಥಾನಗಳು 543. ತಲೆ ಎಣಿಸುವುದು ತಡವಾದರೂ ಕುರ್ಚಿ ಎಣಿಸುವುದು ತಡವಾಗಲಿಲ್ಲ.

ಈ ವಿಳಂಬಕ್ಕೆ ಒಂದು ಪರಂಪರೆಯೇ ಇದೆ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಎಂಬುದನ್ನು 1971ರ ಜನಗಣತಿಗೆ ಕಟ್ಟಿಹಾಕಿದ್ದು ತುರ್ತುಪರಿಸ್ಥಿತಿಯ ಕಾಲದ, ಸಂವಿಧಾನದ 42ನೇ ತಿದ್ದುಪಡಿ. ಆ ಗಂಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಬಿಗಿದದ್ದು 84ನೇ ತಿದ್ದುಪಡಿ. 1971ರಲ್ಲಿ ನಾವು ಸುಮಾರು 55 ಕೋಟಿ ಜನರಿದ್ದೆವು, 2011ಕ್ಕೆ 121 ಕೋಟಿಯಾದೆವು. ಹೆಚ್ಚುವರಿಯಾಗಿ ಬಂದವರು ತೆರಿಗೆ ಕಟ್ಟಬಹುದು, ಮತ ಹಾಕಬಹುದು, ಮಂತ್ರಿಯೂ ಆಗಬಹುದು. ಆದರೆ ಸ್ಥಾನ ಹಂಚಿಕೆಯ ಕಡತದ ಮಟ್ಟಿಗೆ ಅವರಿನ್ನೂ ಹುಟ್ಟಿಯೇ ಇಲ್ಲ. ಇತ್ತ 60 ಸಾವಿರಕ್ಕೂ ಕಡಿಮೆ ಮತದಾರರಿರುವ ಲಕ್ಷದ್ವೀಪಕ್ಕೂ ಒಬ್ಬ ಸಂಸದ, 30 ಲಕ್ಷ ಮೀರಿದ ಬೆಂಗಳೂರು ಉತ್ತರಕ್ಕೂ ಒಬ್ಬನೇ ಸಂಸದ. (ದ್ವೀಪದವರ ಮೇಲೆ ನಮಗೆ ಮುನಿಸಿಲ್ಲ, ಅವರ ಸಂಸದರಿಗೆ ಮತದಾರರ ಮುಖ ಪರಿಚಯವಾದರೂ ಇದ್ದೀತು.)

ಸರಿ, ಸ್ಥಾನ ಹೆಚ್ಚಿಸಿಬಿಡೋಣ ಎಂದರೆ ಅಲ್ಲೊಂದು ತಮಾಷೆಯಿದೆ. 2011ರ ಜನಸಂಖ್ಯೆಯಂತೆ 888 ಕುರ್ಚಿಗಳನ್ನು ಹಂಚಿದರೆ ಕೇರಳದ 20 ಸ್ಥಾನಗಳು ಸುಮಾರು 24 ಆಗುತ್ತವೆ, ಆದರೆ ಸದನದಲ್ಲಿ ಅದರ ಪಾಲು ಶೇ. 3.7ರಿಂದ 2.8ರ ಆಸುಪಾಸಿಗೆ ಇಳಿಯುತ್ತದೆ. ‘ನಾವಿಬ್ಬರು, ನಮಗಿಬ್ಬರು’ ಎಂಬ ಗೋಡೆಬರಹವನ್ನು ಓದಿದ್ದಲ್ಲದೆ ನಂಬಿಯೂಬಿಟ್ಟ ರಾಜ್ಯಕ್ಕೆ ಸರ್ಕಾರ ಕೊಡುವ ಬಹುಮಾನವಿದು. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು, ರಾಜ್ಯಕ್ಕೆ ಮುಪ್ಪು ಬರುತ್ತಿದೆಯೆಂದು, ಹೆಚ್ಚು ಮಕ್ಕಳನ್ನು ಹೆರಲು ಕರೆಕೊಟ್ಟರು. ಆಗ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಅವರಂತೂ ಈ ಸೂಕ್ಷ್ಮ ಅರಿತೇ ಸಾಮೂಹಿಕ ವಿವಾಹದ ವೇದಿಕೆಯಲ್ಲೇ ಹದಿನಾರು ಮಕ್ಕಳ ಮಾತೆತ್ತಿದರು. ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳನ್ನು ಮತ್ತೆ ಹಂಚುವ ಕ್ಷೇತ್ರ ಪುನರ್ವಿಂಗಡಣೆಯ ಹೊಣೆ ಆಯೋಗದಿಂದ ನವದಂಪತಿಗಳ ಹೆಗಲಿಗೆ ದಾಟಿದ್ದು ಹೀಗೆ.

ಇಷ್ಟೆಲ್ಲ ಪಾಡುಪಟ್ಟು ಕಳುಹಿಸುವ ಪ್ರತಿನಿಧಿ ಅಲ್ಲಿ ಮಾಡುವುದೇನು? 17ನೇ ಲೋಕಸಭೆ ತನ್ನ ಪೂರ್ಣಾವಧಿಯಲ್ಲಿ ಒಬ್ಬ ಉಪಸಭಾಧ್ಯಕ್ಷರನ್ನೂ ಆರಿಸಲಿಲ್ಲ. ಇದ್ದ ಒಂದು ಕುರ್ಚಿಯನ್ನೇ ತುಂಬಲಾಗದ ಸದನಕ್ಕೆ ಇನ್ನೂ 345 ಕುರ್ಚಿಗಳು ಸಿದ್ಧವಾಗಿದ್ದವು. 1985ರ ಪಕ್ಷಾಂತರ ನಿಷೇಧ ಕಾನೂನಿನ ಕೃಪೆಯಿಂದ, ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಅಪ್ಪಣೆ) ಮೀರಿ ಮತ ಹಾಕಿದವರು ಸ್ಥಾನವನ್ನೇ ಕಳೆದುಕೊಳ್ಳಬೇಕಾದೀತು. ಆದ್ದರಿಂದ ಮುಂದೆ 888 ಮಂದಿಯ ಮತ ಎಣಿಸುವುದು ಹೇಗೆಂದು ಲೋಕಸಭಾ ಸಚಿವಾಲಯ ತಲೆ ಕೆಡಿಸಿಕೊಳ್ಳಬೇಕಿಲ್ಲ. ವಿಪ್ ಹೊರಡಿಸುವ, ಪಕ್ಷಗಳ ಮುಖ್ಯ ಸಚೇತಕರನ್ನು ಒಂದು ಕೋಣೆಗೆ ಕರೆದು ಕೈ ಎತ್ತಿಸಿದರೆ ಸಾಕು.