ತಮಾಷೆಗೆ ಮಾಡಿದ್ದು ಅಂದ್ರೆ ಮುಗೀತಾ?

ಬಾಡಿ ಸ್ಪ್ರೇ ಇರಲಿ, ಒಳಉಡುಪು ಇರಲಿ, ಊಟ ತಂದುಕೊಡೋ ಆ್ಯಪ್ ಇರಲಿ, ಕಥೆ ಒಂದೇ. ಜಾಹೀರಾತು ಬರುತ್ತೆ, ಜನ ಉಗೀತಾರೆ, ಆಮೇಲೆ ಕಂಪನಿ ನಾಲ್ಕು ಸಾಲಿನ ಹೇಳಿಕೆ ಕೊಡುತ್ತೆ. ಯಾರ ಭಾವನೆಗೂ ಧಕ್ಕೆ ತರೋ ಉದ್ದೇಶ ಇರಲಿಲ್ಲ, ತಮಾಷೆಗೆ ಮಾಡಿದ್ದು ಅಂತ. ಈ ಮಾತು ಕೇಳಿ ಕೇಳಿ ಮೈ ಉರಿಯುತ್ತೆ.

ಜಾಹೀರಾತು ಬಾಯಿ ತಪ್ಪಿ ಬರೋ ಮಾತಲ್ಲ. ಇಪ್ಪತ್ತು ಸೆಕೆಂಡಿನ ಟೀವಿ ಜಾಹೀರಾತು ಎಷ್ಟು ಕೈ ದಾಟಿ ಬರುತ್ತೆ ನೋಡಿ. ಕಂಪನಿ ತನಗೆ ಏನು ಬೇಕು ಅಂತ ಬ್ರೀಫ್ ಕೊಡುತ್ತೆ. ಏಜೆನ್ಸಿಯವರು ಸ್ಕ್ರಿಪ್ಟ್ ಬರೀತಾರೆ, ಅದನ್ನ ಅಲ್ಲಿನ ಕ್ರಿಯೇಟಿವ್ ಹೆಡ್ ಒಪ್ಪಬೇಕು. ಆಮೇಲೆ ದೃಶ್ಯಗಳನ್ನ ಚಿತ್ರವಾಗಿ ಬಿಡಿಸಿದ ಸ್ಟೋರಿಬೋರ್ಡ್ ಕಂಪನಿಯ ಮಾರ್ಕೆಟಿಂಗ್‌ನವರ ಮೇಜಿಗೆ ಹೋಗುತ್ತೆ. ಶೂಟಿಂಗ್‌ಗೂ ಮುಂಚೆ ಏಜೆನ್ಸಿ, ಕಂಪನಿ, ನಿರ್ದೇಶಕರು ಎದುರುಬದುರು ಕೂತು ನಟಿಯ ಬಟ್ಟೆಯ ಬಣ್ಣದ ತನಕ ಚರ್ಚೆ ಮಾಡ್ತಾರೆ. ಶೂಟಿಂಗ್ ಆಗುತ್ತೆ, ಎಡಿಟಿಂಗ್ ಆಗುತ್ತೆ, ಮೊದಲ ಕಟ್ಟನ್ನ ಕಂಪನಿ ನೋಡಿ ಬದಲಾವಣೆ ಹೇಳುತ್ತೆ, ಡಬ್ಬಿಂಗ್ ಮುಗಿಯುತ್ತೆ, ಕೊನೆಗೆ ಚಾನೆಲ್‌ನವರು ನೋಡಿ ತಗೋತಾರೆ. ಇಷ್ಟು ಜನರಲ್ಲಿ ಒಬ್ಬರೂ ‘ಇದು ಬೇಡ’ ಅನ್ನಲಿಲ್ಲ, ಇಲ್ಲವೇ ಅಂದವರ ಮಾತು ನಡೀಲಿಲ್ಲ. ಹಾಗಿದ್ದಮೇಲೆ ಉದ್ದೇಶ ಇರಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ತೀರಿ?

2022ರ ಜೂನ್‌ನಲ್ಲಿ ಬಂದ ಲೇಯರ್ ಶಾಟ್ ಬಾಡಿ ಸ್ಪ್ರೇ ಜಾಹೀರಾತನ್ನೇ ತಗೊಳ್ಳಿ. ಅಂಗಡಿಯಲ್ಲಿ ಒಬ್ಬಳು ಹುಡುಗಿ, ಬೆನ್ನ ಹಿಂದೆ ನಾಲ್ಕು ಗಂಡಸರು. ನಾವು ನಾಲ್ಕು ಜನ, ಇದು ಒಂದೇ, ಶಾಟ್ ಯಾರು ತಗೋತಾರೆ ಅನ್ನೋ ಮಾತು. ಹುಡುಗಿ ಬೆಚ್ಚಿ ತಿರುಗ್ತಾಳೆ. ಆಮೇಲೆ ಗೊತ್ತಾಗುತ್ತೆ, ಅವರು ಹೇಳಿದ್ದು ಕಪಾಟಿನಲ್ಲಿ ಉಳಿದ ಒಂದೇ ಒಂದು ಬಾಟಲಿಯ ಬಗ್ಗೆ ಅಂತ. ಇದರ ಒಳಗಿನ ಕಟ್ಟು ಬಿಚ್ಚಿ ನೋಡಿ. ಕೊನೇಲಿ ನಗು ಬರಬೇಕಾದರೆ ನೋಡುವವರ ತಲೇಲಿ ಮೊದಲು ಸಾಮೂಹಿಕ ಅತ್ಯಾಚಾರ ಬರಲೇಬೇಕು. ಅದು ಬರದಿದ್ದರೆ ಜೋಕೇ ಇಲ್ಲ. ಅಂದ್ರೆ ಆ ಹೆದರಿಕೆ ಪಕ್ಕಕ್ಕೆ ಬಿದ್ದ ಚೂರಲ್ಲ, ಅದೇ ಕಚ್ಚಾವಸ್ತು. ಬಾಟಲಿ ಕಂಡಾಗ ಗಂಡಸರಿಗೆ ನಗು ಬರಬಹುದು. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಲ್ಲೋ ಹೆಣ್ಣುಮಗಳಿಗೆ ಬಾಟಲಿ ಕಂಡರೂ ಎದೆಬಡಿತ ಇಳಿಯಲ್ಲ. ಜೂನ್ 4ರಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟ್ವಿಟರ್‌ಗೂ ಯೂಟ್ಯೂಬ್‌ಗೂ ಪತ್ರ ಬರೆದು ವಿಡಿಯೊ ತೆಗೆಸಿತು. ಕಂಪನಿ ಕ್ಷಮೆ ಕೇಳಿತಾದರೂ ಅದರಲ್ಲೂ ಎರಡು ಕೊಕ್ಕೆ: ಎಲ್ಲಾ ಒಪ್ಪಿಗೆ ಪಡೆದೇ ಪ್ರಸಾರ ಮಾಡಿದ್ವಿ, ಕೆಲವರು ತಪ್ಪಾಗಿ ತಿಳ್ಕೊಂಡಿದ್ದಾರೆ. ತಪ್ಪು ನೋಡಿದವರದ್ದಂತೆ!

ಇದೇನು ಮೊದಲನೇ ಸಲವೂ ಅಲ್ಲ. 2007ರಲ್ಲಿ ಒಳಉಡುಪಿನ ಎರಡು ಜಾಹೀರಾತುಗಳ ಮೇಲೆ ನಿಷೇಧ, 2011ರಲ್ಲಿ ಡಿಯೋಡರೆಂಟ್‌ಗಳ ಮೇಲೆ ಸಚಿವಾಲಯದ ಕಣ್ಣು. 2013ರ ಮಾರ್ಚ್‌ನಲ್ಲಂತೂ ಫೋರ್ಡ್ ಫಿಗೋ ಹೆಸರಲ್ಲಿ ಏಜೆನ್ಸಿಯೊಂದು ಬಿಡಿಸಿದ ಚಿತ್ರ ಹೊರಬಂತು. ಕಾರಿನ ಡಿಕ್ಕಿಯಲ್ಲಿ ಕೈಕಾಲು ಕಟ್ಟಿ ಬಾಯಿಗೆ ಬಟ್ಟೆ ತುರುಕಿದ ಹೆಂಗಸರು, ಡಿಕ್ಕಿ ಎಷ್ಟು ದೊಡ್ಡದು ನೋಡಿ ಅನ್ನೋದು ಹಾಸ್ಯ. ದೆಹಲಿಯ ಬಸ್ಸಿನ ಆ ಘೋರ ಘಟನೆಯಾಗಿ ಆಗ ಬರೀ ಮೂರು ತಿಂಗಳು.

ಜಾತಿಯ ವಿಷಯಕ್ಕೆ ಬಂದರೆ ಕಣ್ಣೇ ಕಾಣಲ್ಲ ಈ ಜನಕ್ಕೆ. 2023ರ ಪರಿಸರ ದಿನಕ್ಕೆ ಜೊಮ್ಯಾಟೊ ಪ್ಲಾಸ್ಟಿಕ್ ಮರುಬಳಕೆಯ ಬಗ್ಗೆ ಒಂದು ವಿಡಿಯೊ ಮಾಡಿತು. ಸಂದೇಶ ಒಳ್ಳೇದೇ. ಆದರೆ ‘ಲಗಾನ್’ ಸಿನಿಮಾದಲ್ಲಿ ಊರವರು ಮುಟ್ಟಿಸಿಕೊಳ್ಳದ, ಕಸ ಅಂತಲೇ ಹೆಸರಿದ್ದ ಕಚರಾ ಪಾತ್ರದ ನಟನನ್ನೇ ಕರೆಸಿ ಮೇಜು, ಟವೆಲ್, ಹೂಕುಂಡ ಮಾಡಿ ಕೂರಿಸಿದರು. ಆ ಪಾತ್ರದ ಹೆಸರಲ್ಲೇ ಇರೋ ಅವಮಾನ ಇವರಿಗೆ ಬರೀ ಶ್ಲೇಷೆಯಾಗಿ ಕಂಡಿತು. ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗ ನೋಟಿಸ್ ಕೊಟ್ಟಿತು, ವಿಡಿಯೊ ಹೋಯಿತು.

‘ಹಾಗಾದ್ರೆ ಕೆಣಕೋ ಹಾಸ್ಯವೇ ಬೇಡ್ವಾ’ ಅಂತ ಕೇಳೋರಿಗೆ: 2021ರಲ್ಲಿ ನಮ್ಮ ರಾಹುಲ್ ದ್ರಾವಿಡ್ ಜಾಹೀರಾತೊಂದರಲ್ಲಿ ಟ್ರಾಫಿಕ್ ನಡುವೆ ಬ್ಯಾಟ್ ಬೀಸಿ ‘ಇಂದಿರಾನಗರದ ಗೂಂಡಾ’ ಅಂತ ಕೂಗಿದಾಗ ಇಡೀ ದೇಶ ನಕ್ಕಿತು. ಗುರಿ ಸ್ವತಃ ದ್ರಾವಿಡರ ಸೌಮ್ಯ ಹೆಸರು, ಅವರೇ ಒಪ್ಪಿ ಮುಂದೆ ನಿಂತಿದ್ದರು. ಹಾಗೇ, ಸಿಟ್ಟಾದವರೆಲ್ಲ ಸರಿ ಅಂತಲೂ ನಾನು ಹೇಳಲ್ಲ. 2020ರಲ್ಲಿ ಹಿಂದೂ ಸೊಸೆಗೆ ಮುಸ್ಲಿಂ ಅತ್ತೆ ಸೀಮಂತ ಮಾಡಿದ ತನಿಷ್ಕ್ ಜಾಹೀರಾತನ್ನ ಗಲಾಟೆ ಮಾಡಿ ತೆಗೆಸಿದರು, ಅದರಲ್ಲಿ ತಪ್ಪೇನೂ ಇಲ್ಲ ಅಂತ ಜಾಹೀರಾತು ಗುಣಮಟ್ಟ ಮಂಡಳಿ ‘ಆಸ್ಕಿ’ಯೇ ಹೇಳಿತ್ತು. ಎಷ್ಟು ಜನ ಕೂಗಿದರು ಅನ್ನೋದಲ್ಲ, ನಗುವಿಗೆ ಯಾರನ್ನ ಬಲಿ ಕೊಟ್ಟರು ಅನ್ನೋದು ಮುಖ್ಯ.

ಕಾನೂನು ನೋಡಿದರೆ ಇನ್ನಷ್ಟು ಸಿಟ್ಟು ಬರುತ್ತೆ. ಸುಳ್ಳು ಹೇಳೋ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲಕ್ಕೇ 10 ಲಕ್ಷ ರೂಪಾಯಿ ತನಕ ದಂಡ. ಹೆಣ್ಣನ್ನ ಅಸಭ್ಯವಾಗಿ ತೋರಿಸಿದರೆ 1986ರ ಕಾಯ್ದೆಯಲ್ಲಿ ಮೊದಲ ಸಲಕ್ಕೆ ಎರಡು ವರ್ಷದ ತನಕ ಜೈಲು ಅಂತಿದೆ, ದಂಡ ಮಾತ್ರ ಹೆಚ್ಚೆಂದರೆ 2,000 ರೂಪಾಯಿ! ಆಸ್ಕಿ 1985ರಿಂದ ಇದೆ, ಆದರೆ ಅದು ಉದ್ಯಮದವರೇ ಕಟ್ಟಿಕೊಂಡ ಸಂಸ್ಥೆ, ದಂಡ ಹಾಕೋ ಅಧಿಕಾರ ಇಲ್ಲ. ಅದರ ಸಂಹಿತೆ ಮೀರಿದ ಜಾಹೀರಾತನ್ನ ಕೇಬಲ್ ಟೀವಿಯಲ್ಲಿ ಹಾಕಬಾರದು ಅಂತ ಕೇಬಲ್ ನಿಯಮಗಳ 7ನೇ ನಿಯಮ ಹೇಳುತ್ತೆ ಅನ್ನೋದೊಂದೇ ಸಮಾಧಾನ. ಆದರೆ ದೂರು ತೀರ್ಮಾನ ಆಗೋ ಹೊತ್ತಿಗೆ ಕ್ಯಾಂಪೇನೇ ಮುಗಿದಿರುತ್ತೆ, ಹೆಸರು ಎಲ್ಲರ ಬಾಯಲ್ಲೂ ಓಡಾಡಿರುತ್ತೆ.

ಹಾಗಂತ ಸುಮ್ಮನಿರಬೇಡಿ. ಕಂಡ ಜಾಹೀರಾತು ಎರಡೇ ದಿನದಲ್ಲಿ ಮಾಯ ಆಗಬಹುದು, ಅದಕ್ಕೆ ಮೊದಲು ಸಾಕ್ಷಿ ಹಿಡೀರಿ. ಯೂಟ್ಯೂಬ್ ಆದರೆ ಸ್ಕ್ರೀನ್ ರೆಕಾರ್ಡಿಂಗ್, ಟೀವಿ ಆದರೆ ಫೋನಿನಲ್ಲಿ ವಿಡಿಯೊ, ಜೊತೆಗೆ ಚಾನೆಲ್ ಹೆಸರು, ದಿನಾಂಕ, ಗಂಟೆ, ಕಾರ್ಯಕ್ರಮ. ಯಾವ ಭಾಷೆಯಲ್ಲಿ ನೋಡಿದ್ದು ಅಂತಲೂ ಬರೀರಿ, ಹಿಂದಿಯ ಸಾಲು ಕನ್ನಡ ಡಬ್ಬಿಂಗ್‌ನಲ್ಲಿ ಬೇರೆಯೇ ಆಗಿರಬಹುದು. ಆಸ್ಕಿಗೆ ದೂರು ಕೊಡೋದಕ್ಕೆ ಕಾಸು ಬೇಡ, ಅದರ ವೆಬ್‌ಸೈಟ್‌ನಲ್ಲಿ ಇಲ್ಲವೇ 77100 12345 ವಾಟ್ಸಾಪ್‌ನಲ್ಲಿ ಕೊಡಬಹುದು. ‘ಅಸಹ್ಯವಾಗಿದೆ’ ಅಂತಷ್ಟೇ ಬರೆದರೆ ದೂರು ಸೊರಗುತ್ತೆ. ಹೆಣ್ಣನ್ನ ಅಸಭ್ಯವಾಗಿ ತೋರಿಸಿದ್ದಾದರೆ ಸಂಹಿತೆಯ 2ನೇ ಅಧ್ಯಾಯ, ಜಾತಿ, ಬಣ್ಣ, ಲಿಂಗದ ಹೀಯಾಳಿಕೆ ಆದರೆ 3ನೇ ಅಧ್ಯಾಯ ಅಂತ ಹೆಸರಿಸಿ, ಯಾವ ಸೆಕೆಂಡಿನಲ್ಲಿ ಯಾವ ಮಾತು ಅಂತ ತೋರಿಸಿ. ತೀರಾ ಘೋರವಾದದ್ದನ್ನ ವಿಚಾರಣೆ ಮುಗಿಯೋ ಮುಂಚೆಯೇ ತಡೆಯೋ ವ್ಯವಸ್ಥೆ ಆಸ್ಕಿಯಲ್ಲಿದೆ, ಲೇಯರ್ ಶಾಟ್‌ಗೆ ಅದನ್ನೇ ಬಳಸಿದ್ದು. ಹಾಗೇ ತಡೀರಿ ಅಂತ ದೂರಿನಲ್ಲೇ ಕೇಳಿ.

ಟೀವಿ ಆದರೆ ಚಾನೆಲ್‌ನ ದೂರು ಅಧಿಕಾರಿಗೂ ಕಳಿಸಿ. 2021ರ ನಿಯಮದ ಪ್ರಕಾರ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಉತ್ತರ ಬರಬೇಕು. ಆನ್‌ಲೈನ್ ವೇದಿಕೆ ಆದರೆ ಅಲ್ಲಿನ ಕುಂದುಕೊರತೆ ಅಧಿಕಾರಿಗೆ ಕಳಿಸಿ. ಚಾನೆಲ್‌ನಿಂದ ಉತ್ತರ ಬರದಿದ್ದರೆ ಹದಿನಾರನೇ ದಿನವೇ ಆ ಸ್ವೀಕೃತಿ ಲಗತ್ತಿಸಿ ಆ ಚಾನೆಲ್ ಸೇರಿರೋ ಸ್ವಯಂ ನಿಯಂತ್ರಣ ಸಂಸ್ಥೆಗೆ ಬರೀರಿ.