ಜರ್ನಲ್ ಇದೆ ಅಂತ ಎಫ್‌ಎಸ್‌ಸಿಕೆ ಮರೆಯಬೇಡಿ

"ಜರ್ನಲ್ ಇದೆಯಲ್ಲ, ಎಫ್‌ಎಸ್‌ಸಿಕೆ ಯಾಕೆ?" ಲಿನಕ್ಸ್ ಸರ್ವರ್ ನೋಡಿಕೊಳ್ಳುವವರ ಬಾಯಲ್ಲಿ ಈ ಮಾತು ಜಾಸ್ತಿ. ಎಫ್‌ಎಸ್‌ಸಿಕೆ ಅಂದರೆ ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಸರಿ ಇದೆಯೇ ಅಂತ ಚೆಕ್ ಮಾಡುವ ಪ್ರೋಗ್ರಾಮ್. ಜರ್ನಲ್ ಅಂದರೆ ಬದಲಾವಣೆ ಮಾಡುವ ಮುಂಚೆ ಫೈಲ್‌ಸಿಸ್ಟಮ್ ಅದನ್ನು ಬರೆದಿಟ್ಟುಕೊಳ್ಳುವ ದಾಖಲೆ. ಹಾಗಾಗಿ ಆ ಮಾತು ಅರ್ಧ ಮಾತ್ರ ಸರಿ.

ಕರೆಂಟ್ ಹೋಗಿ ಸರ್ವರ್ ದಿಢೀರ್ ಅಂತ ನಿಂತರೆ, ಅರ್ಧಕ್ಕೆ ನಿಂತ ಬದಲಾವಣೆಯನ್ನು ಜರ್ನಲ್ ಪೂರ್ತಿ ಮಾಡುತ್ತದೆ, ಇಲ್ಲ ಕೈಬಿಡುತ್ತದೆ. ಸಾಮಾನ್ಯವಾಗಿ ಸೆಕೆಂಡುಗಳ ಕೆಲಸ. ಆದರೆ ಡಿಸ್ಕ್ ಕೆಡುತ್ತಿದ್ದರೆ? ಮೆಮೊರಿ ಕೈಕೊಟ್ಟರೆ? ಕರ್ನಲ್ (ಲಿನಕ್ಸ್‌ನ ತಿರುಳು) ಬಗ್‌ನಿಂದ ತಪ್ಪು ಬ್ಲಾಕ್ ಬರೆದುಹೋದರೆ? ಜರ್ನಲ್ ಆ ತಪ್ಪನ್ನೂ ಸರಿ ಅಂತಲೇ ಬರೆದಿಡುತ್ತದೆ.

ಲಿನಕ್ಸ್‌ನ ಹಳೆಯ ಫೈಲ್‌ಸಿಸ್ಟಮ್ ಇಎಕ್ಸ್‌ಟಿ3 ಕಾಲದಲ್ಲಿ ಇಪ್ಪತ್ತು ಚಿಲ್ಲರೆ ಸಲ ಮೌಂಟ್ ಆದರೆ (ಬಳಕೆಗೆ ಜೋಡಿಸಿದರೆ), ಇಲ್ಲ 180 ದಿನ ಕಳೆದರೆ, ಬೂಟ್ ಆಗುವಾಗಲೇ ಪೂರ್ತಿ ಚೆಕ್ ಶುರುವಾಗುತ್ತಿತ್ತು. ರಾತ್ರಿ ಕರ್ನಲ್ ಅಪ್‌ಡೇಟ್ ಮಾಡಿ ರೀಬೂಟ್ ಕೊಟ್ಟವರು ಪರ್ಸೆಂಟ್ ಏರುವುದನ್ನೇ ನೋಡುತ್ತಾ ಕೂರಬೇಕಿತ್ತು. ಇಎಕ್ಸ್‌ಟಿ ಫೈಲ್‌ಸಿಸ್ಟಮ್‌ಗಳನ್ನು ನೋಡಿಕೊಳ್ಳುವ ಟೂಲ್‌ಗಳ ಕಟ್ಟು, 2011ರಲ್ಲಿ ಬಂದ ಇ2ಎಫ್‌ಎಸ್‌ಪ್ರಾಗ್ಸ್ 1.42, ಇದನ್ನು ಡಿಫಾಲ್ಟ್ ಆಗಿ ನಿಲ್ಲಿಸಿತು. ಒಳ್ಳೆಯದೇ ಆಯಿತು. ಯಾವಾಗ ಚೆಕ್ ಮಾಡಬೇಕು ಅನ್ನೋದನ್ನು ನಾವು ನಿರ್ಧರಿಸಬೇಕು, ರೀಬೂಟ್ ಅಲ್ಲ.

ನನ್ನ ತಕರಾರು ಇಷ್ಟೇ: ನಾವು ನಿರ್ಧರಿಸುತ್ತಲೇ ಇಲ್ಲ. ನಿಮ್ಮ ಸರ್ವರ್‌ನಲ್ಲಿ, ಫೈಲ್‌ಸಿಸ್ಟಮ್ ವಿವರ ತೋರಿಸುವ ಡಂಪ್‌ಇ2ಎಫ್‌ಎಸ್‌ಗೆ -ಎಚ್ ಕೊಟ್ಟು ಓಡಿಸಿ ನೋಡಿ. 'ಫೈಲ್‌ಸಿಸ್ಟಮ್ ಕ್ರಿಯೇಟೆಡ್' ಮತ್ತು 'ಲಾಸ್ಟ್ ಚೆಕ್ಡ್', ಎರಡೂ ಸಾಲಲ್ಲಿ ಒಂದೇ ತಾರೀಖು ಇದ್ದರೆ, ಫಾರ್ಮ್ಯಾಟ್ ಮಾಡಿದ ದಿನದಿಂದ ಪೂರ್ತಿ ಚೆಕ್ ಆಗಿಯೇ ಇಲ್ಲ ಅಂತ ಅರ್ಥ.

ಸರ್ವರ್ ನಿಲ್ಲಿಸದೆಯೂ ಇದನ್ನು ಮಾಡಬಹುದು. ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ವ್ಯವಸ್ಥೆ) ಇದ್ದರೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ತೆಗೆದು ಅದರ ಮೇಲೆ ಇಎಕ್ಸ್‌ಟಿಯ ಎಫ್‌ಎಸ್‌ಸಿಕೆಯಾದ ಇ2ಎಫ್‌ಎಸ್‌ಸಿಕೆ ಓಡಿಸಿ. 2019ರ ಇ2ಎಫ್‌ಎಸ್‌ಪ್ರಾಗ್ಸ್ 1.45 ಆವೃತ್ತಿಯಿಂದ ಅದರಲ್ಲಿರುವ ಇ2ಸ್ಕ್ರಬ್ ಟೂಲ್ ಇದನ್ನೇ ಮಾಡುತ್ತದೆ. ವಾಲ್ಯೂಮ್ ಗ್ರೂಪಿನಲ್ಲಿ (ಎಲ್‌ವಿಎಂ ಒಟ್ಟುಗೂಡಿಸಿದ ಡಿಸ್ಕ್ ಜಾಗ) ಸ್ವಲ್ಪ ಜಾಗ ಖಾಲಿ ಬಿಟ್ಟಿರಬೇಕು, ಡಿಫಾಲ್ಟ್ ಪ್ರಕಾರ 256 ಎಂಬಿ. ಇದಕ್ಕೆ ಬದಲು ಮೌಂಟ್ ಆಗಿ ಓಡುತ್ತಿರುವ ಫೈಲ್‌ಸಿಸ್ಟಮ್ ಮೇಲೆ ಸುಮ್ನೆ ಇ2ಎಫ್‌ಎಸ್‌ಸಿಕೆಗೆ -ಎನ್ (ಏನೂ ಬದಲಿಸದೆ ಬರೀ ನೋಡುವ ಆಯ್ಕೆ) ಹಾಕಿ ನೋಡಬೇಡಿ, ಇಲ್ಲದ ದೋಷವನ್ನೂ ತೋರಿಸುತ್ತದೆ. ಎಕ್ಸ್‌ಎಫ್‌ಎಸ್ ಅನ್ನೋ ಇನ್ನೊಂದು ಫೈಲ್‌ಸಿಸ್ಟಮ್‌ನ ಕಥೆಯೇ ಬೇರೆ. ಬೂಟ್ ವೇಳೆ ಅದರ ಎಫ್‌ಎಸ್‌ಸಿಕೆ ಸಾಮಾನ್ಯವಾಗಿ ಏನೂ ಮಾಡದೆ ಮುಗಿಯುತ್ತದೆ. ಪರೀಕ್ಷಿಸಬೇಕಾದರೆ ಸಾಮಾನ್ಯವಾಗಿ ಅನ್‌ಮೌಂಟ್ ಮಾಡಿ ಎಕ್ಸ್‌ಎಫ್‌ಎಸ್ ರಿಪೇರ್ ಅನ್ನೋ ಟೂಲ್ ಓಡಿಸಬೇಕು.

ಇನ್ನೊಂದು ಮುಖ್ಯ ವಿಷಯ. ಇ2ಸ್ಕ್ರಬ್‌ಗೆ ದೋಷ ಸಿಕ್ಕರೆ ಅದು ರಿಪೇರಿ ಮಾಡುವುದಿಲ್ಲ, ದೋಷ ಇದೆ ಅಂತ ಗುರುತು ಹಾಕುತ್ತದೆ ಅಷ್ಟೇ. ಎಫ್‌ಎಸ್‌ಟ್ಯಾಬ್‌ನ (ಯಾವ ಫೈಲ್‌ಸಿಸ್ಟಮ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆದಿಡುವ ಫೈಲ್) ಆರನೇ ಕಾಲಮ್ಮಿನಲ್ಲಿ 0 ಇದ್ದರೆ ಬೂಟ್ ಆಗುವಾಗ ಆ ಗುರುತನ್ನು ಯಾರೂ ನೋಡುವುದಿಲ್ಲ. ಇಎಕ್ಸ್‌ಟಿ3ರ ನಂತರ ಬಂದ ಇಎಕ್ಸ್‌ಟಿ4 ಆದರೆ ರೂಟ್‌ಗೆ (ಮುಖ್ಯ ಫೈಲ್‌ಸಿಸ್ಟಮ್‌ಗೆ) 1, ಉಳಿದವಕ್ಕೆ 2 ಹಾಕಿ. ಫೈಲ್‌ಸಿಸ್ಟಮ್ ಕ್ಲೀನ್ ಆಗಿದ್ದರೆ ಬೂಟ್ ವೇಳೆಯ ಚೆಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಬೂಟ್ ಬೇಗ ಆಗಲಿ ಅಂತ ಅಲ್ಲಿ 0 ಬರೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ.