ಬಿಸಿನೀರು ಬರದಿದ್ದರೆ ಗೀಸರೇ ಹೋಯಿತೇ?

ಮಳೆಗಾಲ ಬಂತೆಂದರೆ ಕಾರವಾರ, ಶಿರಸಿ ಕಡೆಯ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಮತ್ತೆ ತಿರುಗುತ್ತದೆ: ಗೀಸರ್ ನೀರು ಕಾಯಿಸದಿದ್ದರೆ ಕಾಯಿಲ್ ಸುಟ್ಟಿದೆ, ರಿಪೇರಿ ದಂಡ, ಹೊಸದೇ ತನ್ನಿ ಎಂದು. ಇದು ಸರಿಯಲ್ಲ. ಕಾಯಿಲ್ ಸುಡುವುದುಂಟು, ನಿಜ. ಆದರೆ ಟ್ಯಾಂಕ್ ಇರುವ ಸಾಮಾನ್ಯ ಗೀಸರ್‌ನಲ್ಲಿ ಕಾಯಿಲ್, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟೌಟ್ ಮೂರನ್ನೂ ಬದಲಿಸಬಹುದು. ಟ್ಯಾಂಕೇ ತೂತಾಗಿದ್ದರೆ ಹೊಸದರ ಮಾತು.

ನೀವೇ ಪರೀಕ್ಷಿಸಬಹುದು. ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ, ತಣ್ಣೀರು ತುಂಬಿದ ಗೀಸರ್ ಒಂದನ್ನೇ ಹಾಕಿ, ಕರೆಂಟ್ ಮೀಟರಿನ ಪುಟ್ಟ ಕೆಂಪು ದೀಪ ನೋಡಿ. ಪಟಪಟನೆ ಮಿಟುಕಿದರೆ ಕಾಯಿಲ್ ಕರೆಂಟ್ ಎಳೆಯುತ್ತಿದೆ. ಸುಮ್ಮನಿದ್ದರೆ ಕೆಟ್ಟದ್ದು ಕಾಯಿಲ್ಲೋ, ಹಾರಿದ ಕಟೌಟೋ ಎಂದು ಎಲೆಕ್ಟ್ರಿಷಿಯನ್ ತಮ್ಮ ಪರೀಕ್ಷೆಯ ಮೀಟರ್ ಇಟ್ಟು ಹೇಳುತ್ತಾರೆ. ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ.

ದೀಪ ಮಿಟುಕಿಯೂ ನೀರು ಉಗುರುಬೆಚ್ಚಗಿದ್ದರೆ ವೋಲ್ಟೇಜ್ ಮೇಲೆ ಕಣ್ಣಿಡಿ. ಘಟ್ಟದ ಮೇಲಿನ ಒಂಟಿ ಮನೆಗಳಿಗೆ ವೋಲ್ಟೇಜ್ ಇಳಿಯುವುದು ಹೊಸತಲ್ಲ. ಬಚ್ಚಲಿನ ಹಂಡೆಯನ್ನು ಜನ ಸುಮ್ಮನೆ ಉಳಿಸಿಕೊಂಡಿಲ್ಲ. 230 ಇರಬೇಕಾದ ವೋಲ್ಟೇಜ್ 180ಕ್ಕೆ ಇಳಿದರೆ 2000 ವ್ಯಾಟಿನ ಕಾಯಿಲ್ ಕೊಡುವುದು ಸುಮಾರು 1200 ವ್ಯಾಟ್. 15 ಲೀಟರ್ ನೀರು 25ರಿಂದ 55 ಡಿಗ್ರಿಗೇರಲು 16 ನಿಮಿಷದ ಬದಲು 26 ನಿಮಿಷ ಬೇಕು.